ಕನ್‌ಸ್ಪಿಕ್ಯುಅಸ್ ಅಂದರೆ ಎದ್ದು ಕಾಣುವುದು

ನಿಮ್ಮ ಬಾಡಿಗೆ ಮನೆ ಬಾಗಿಲಿಗೆ ಕೋರ್ಟಿನ ಸಮನ್ಸ್ ಅಂಟಿಸಿ ಹೋಗಿದ್ದಾರೆ ಅಂದುಕೊಳ್ಳಿ. "ನನ್ನ ಕೈಗೆ ಕೊಟ್ಟೇ ಇಲ್ಲವಲ್ಲ" ಅಂತ ಸುಮ್ಮನೆ ಕೂರಬಹುದೇ? ಕೂರಬೇಡಿ. ಪ್ರತಿವಾದಿ ಹುಡುಕಿದರೂ ಸಿಗದಿದ್ದರೆ, ಅಥವಾ ಸಹಿ ಹಾಕಲು ಒಪ್ಪದಿದ್ದರೆ, ಸಮನ್ಸ್ ಪ್ರತಿಯನ್ನು ಅವರ ಮನೆಯ ಹೊರಬಾಗಿಲಿಗೋ ಬೇರೆ ಯಾವುದಾದರೂ 'ಕನ್‌ಸ್ಪಿಕ್ಯುಅಸ್' ಭಾಗಕ್ಕೋ ಅಂಟಿಸಬೇಕು ಎನ್ನುತ್ತದೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ. ಅಂಟಿಸಿದ್ದು ಸರಿಯಾಗಿದೆ ಎಂದು ಕೋರ್ಟಿಗೆ ಮನವರಿಕೆಯಾದರೆ, ಸಮನ್ಸ್ ನಿಮಗೆ ಮುಟ್ಟಿದ ಹಾಗೇ ಲೆಕ್ಕ.

ಹಾಗಾದರೆ ಕನ್‌ಸ್ಪಿಕ್ಯುಅಸ್ ಅಂದರೇನು? ಡಿಕ್ಷನರಿ ನೋಡಿ 'ಸ್ಪಷ್ಟ' ಅಂತ ಬರೆದುಕೊಂಡು ಬರುವ ವಿದ್ಯಾರ್ಥಿಗಳಿದ್ದಾರೆ. ಮೂಲದಲ್ಲಿ ಎರಡೂ ನೆಂಟರೇ: ಲ್ಯಾಟಿನ್ನಿನಲ್ಲಿ 'ನೋಡು' ಎನ್ನುವ ಧಾತು, ಸಂಸ್ಕೃತದ 'ಸ್ಪಶ್', ಇವೆರಡಕ್ಕೂ ಬೇರು ಒಂದೇ. ನಮ್ಮ ಇನ್ಸ್‌ಪೆಕ್ಟರ್ ಸಾಹೇಬರೂ ಅದೇ ಖಾನ್‌ದಾನಿನವರು! ಆದರೆ ಅರ್ಥ ಬೇರೆಯಾಗಿದೆ. ಬೀರುವಿನ ಹಿಂದೆ ಅಂಟಿಸಿದ ಕಾಗದದ ಅಕ್ಷರ ಸ್ಪಷ್ಟವಾಗಿರಬಹುದು, ಕನ್‌ಸ್ಪಿಕ್ಯುಅಸ್ ಆಗಿರುವುದಿಲ್ಲ. ಹುಡುಕದೆಯೇ ಕಣ್ಣಿಗೆ ಬೀಳಬೇಕು. ಕನ್ನಡದಲ್ಲಿ 'ಎದ್ದು ಕಾಣುವ' ಅನ್ನುತ್ತೇವಲ್ಲ, ಅದೇ.

ಉರ್ದು ಬಲ್ಲವರಿಗೆ ಇನ್ನೂ ಸಲೀಸು: ನುಮಾಯಾಂ. ಫಾರಸಿಯಲ್ಲಿ 'ತೋರಿಸು' ಎನ್ನುವ ಕ್ರಿಯಾಪದದಿಂದ ಬಂದದ್ದು. ಹೈದರಾಬಾದಿನವರೇ, 1938ರಲ್ಲಿ ಶುರುವಾದ ನಿಮ್ಮ ನುಮಾಯಿಷ್ ಇದರ ಜೊತೆಹುಟ್ಟು. ಕನ್ನಡದ 'ನಮೂನೆ', 'ನಮೂದಿಸು' ಕೂಡ ಅಲ್ಲಿಂದಲೇ ಬಂದವು. ಅರ್ಜಿ ನಮೂನೆ ತುಂಬುವಾಗ ಇದು ಯಾರಿಗೆ ನೆನಪಾಗುತ್ತದೆ ಹೇಳಿ?

ಪ್ರಾಮಿನೆಂಟ್ ಜೊತೆ ಮಾತ್ರ ಕಲಸಬೇಡಿ. ಊರಿನ ಪ್ರಾಮಿನೆಂಟ್ ವಕೀಲರು ಅಂದರೆ ಗೌರವ. ಮನುಷ್ಯರನ್ನು ಕನ್‌ಸ್ಪಿಕ್ಯುಅಸ್ ಅಂದಾಗ ಅದರಲ್ಲಿ ಹೆಚ್ಚಾಗಿ ಒಂದು ಮುಜುಗರ ಇರುತ್ತದೆ. ಎಲ್ಲರೂ ಯೂನಿಫಾರ್ಮಿನಲ್ಲಿರುವಾಗ ಒಬ್ಬ ಹುಡುಗ ಬಣ್ಣದ ಶರ್ಟಿನಲ್ಲಿ ಬಂದ ಹಾಗೆ. ಅಮೆರಿಕದ ಅರ್ಥಶಾಸ್ತ್ರಜ್ಞ ವೆಬ್ಲೆನ್ 1899ರ ತನ್ನ ಪುಸ್ತಕದಲ್ಲಿ ಚಲಾವಣೆಗೆ ತಂದ 'ಕನ್‌ಸ್ಪಿಕ್ಯುಅಸ್ ಕನ್ಸಂಪ್ಷನ್' ಇನ್ನೂ ಚುಚ್ಚುತ್ತದೆ: ನಾಲ್ಕು ಜನ ನೋಡಲಿ ಅಂತಲೇ ಮಾಡುವ ಖರ್ಚು. ನಮ್ಮ ಶಾದಿಮಹಲುಗಳನ್ನು ಕಂಡವರಿಗೆ ಇದಕ್ಕೆ ಉದಾಹರಣೆ ಬೇಕಾಗಿಲ್ಲ. ಸಾಲ ಮಾಡಿ ಹಾಕಿಸಿದ ಲೈಟು ನುಮಾಯಾಂ, ಸಾಲ ಮಾತ್ರ ಕಾಣುವುದಿಲ್ಲ.

ಇಲ್ಲದಿರುವುದೂ ಎದ್ದು ಕಾಣಬಹುದು, ಗೊತ್ತಾ? 'ಕನ್‌ಸ್ಪಿಕ್ಯುಅಸ್ ಬೈ ಆಬ್ಸೆನ್ಸ್' ಅನ್ನುತ್ತಾರೆ. ರೋಮಿನ ಜೂನಿಯಾ ಎಂಬಾಕೆಯ ಶವಯಾತ್ರೆಯಲ್ಲಿ ದೊಡ್ಡ ಮನೆತನಗಳವರ ಪ್ರತಿಮೆಗಳೆಲ್ಲ ಇದ್ದವು. ಆಕೆಯ ಅಣ್ಣ ಬ್ರೂಟಸ್, ಗಂಡ ಕ್ಯಾಸಿಯಸ್ ಇಬ್ಬರದು ಇರಲಿಲ್ಲ. ಸೀಸರನನ್ನು ಕೊಂದವರಲ್ಲವೇ! ಅಲ್ಲಿ ಇಲ್ಲದ್ದರಿಂದಲೇ ಅವರಿಬ್ಬರು ಹೆಚ್ಚು ಎದ್ದು ಕಂಡರು ಎಂದು ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ.