ಮುಗಿದ ಕ್ಷಣ ಮತ್ತೆ ಓಡುತ್ತದೆ!

ಪಾಣೆಮಂಗಳೂರಿನವರಿಗೆ 1923ರ ಮಾರಿ ಬೊಳ್ಳದ ಕತೆಯನ್ನು ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಆ ಆಗಸ್ಟಿನಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ, ಪಾಣೆಮಂಗಳೂರು ಪೇಟೆಗಳ ಮೇಲೆಯೇ ಹರಿದಳು. 1974ರಲ್ಲಿ ಇನ್ನೊಮ್ಮೆ ದೊಡ್ಡ ನೆರೆ ಬಂತು. ನೀರು ಎಲ್ಲಿಯವರೆಗೆ ಏರಿತ್ತು ಎಂಬ ಲೆಕ್ಕ ಉಳಿಯಿತು, ಹಿರಿಯರ ನೆನಪು ಉಳಿಯಿತು. ಆದರೆ ಆ ನೆರೆಯನ್ನೇ ಮತ್ತೊಮ್ಮೆ ಹರಿಸಿ, ಯಾವ ಗಳಿಗೆಯಲ್ಲಿ ಯಾವ ದಂಡೆ ಮೊದಲು ಕುಸಿಯಿತು ಎಂದು ನಿಂತು ನೋಡಲು ಆಗುತ್ತದೆಯೇ? ಚಾರ್ಮಾಡಿಯ ಕಾಡಿನಲ್ಲಿ ಬಿದ್ದ ಒಂದೊಂದು ಹನಿಯೂ, ಉಪ್ಪಿನಂಗಡಿಯಲ್ಲಿ ಬಂದು ಕೂಡಿದ ಕುಮಾರಧಾರೆಯ ಒಂದೊಂದು ಸುಳಿಯೂ, ಮಂಗಳೂರಿನ ಅಳಿವೆಯಲ್ಲಿ ಅಂದು ಕಡಲು ಎಷ್ಟು ಏರಿತ್ತು ಎಂಬುದೂ ಅದೇ ಗಳಿಗೆಗೆ, ಅದೇ ಕ್ರಮದಲ್ಲಿ ಮರಳಬೇಕು. ಯಾರಿಂದಲೂ ಆಗದ ಮಾತು.

ಕಂಪ್ಯೂಟರಿನಲ್ಲಿ ಇದು ಆಗುತ್ತದೆ! ಓಡಿ ಮುಗಿದ ಒಂದು ಇಡೀ ಯಂತ್ರವನ್ನು, ಅದರ ಆಪರೇಟಿಂಗ್ ಸಿಸ್ಟಮ್, ಅದರ ಮೆಮೊರಿ, ಅದರ ಡಿಸ್ಕ್, ಅದರೊಳಗಿನ ತಪ್ಪುಗಳ ಸಮೇತ, ಒಂದು ಬಿಟ್ ಕೂಡ ಆಚೀಚೆಯಾಗದಂತೆ ಮತ್ತೆ ಓಡಿಸಬಹುದು. ಬೇಕಾದಲ್ಲಿ ನಿಲ್ಲಿಸಬಹುದು, ಹಿಂದಕ್ಕೂ ನಡೆಸಬಹುದು. ಡಿಟರ್ಮಿನಿಸ್ಟಿಕ್ ರೆಕಾರ್ಡ್ ಅಂಡ್ ರೀಪ್ಲೇ ಎನ್ನುವ ಈ ವಿದ್ಯೆಗೆ ದೊಡ್ಡ ಪ್ರಯೋಗಾಲಯವೇನೂ ಬೇಡ. ಪಾಣೆಮಂಗಳೂರಿನ ಮನೆಯಲ್ಲಿ ಕೂತು, ಮಾಮೂಲಿ ಲ್ಯಾಪ್‌ಟಾಪಿನಲ್ಲಿ, ಕಾಸು ಕೊಡದೆ ಸಿಗುವ ಕ್ಯೂಎಮು ಎಂಬ ತಂತ್ರಾಂಶದಲ್ಲಿ ನಾನು ಇದನ್ನು ಕಣ್ಣಾರೆ ಕಂಡೆ. ಕಂಡ ಮೇಲೆ ಕಂಪ್ಯೂಟರಿನ ಬಗ್ಗೆ ನನಗಿದ್ದ ತಿಳಿವಳಿಕೆಯೇ ಬದಲಾಗಿ ಹೋಯಿತು.

ಕ್ಯೂಎಮು ಒಂದು ಎಮ್ಯುಲೇಟರ್. ಫ್ರಾನ್ಸಿನ ಫ್ಯಾಬ್ರಿಸ್ ಬೆಲಾರ್ 2003ರಲ್ಲಿ ಇದನ್ನು ಹೊರತಂದರು. ನಿಮ್ಮ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಬರೀ ತಂತ್ರಾಂಶದಿಂದ ಕಟ್ಟಿ ನಿಲ್ಲಿಸುವುದು ಇದರ ಕೆಲಸ. ಇಂಟೆಲ್ ಲ್ಯಾಪ್‌ಟಾಪಿನ ಒಳಗೆ ಎಆರ್‌ಎಮ್ ಪ್ರೊಸೆಸರಿನ ಯಂತ್ರವೊಂದು ಏಳುತ್ತದೆ. ಒಳಗಿನ ಲಿನಕ್ಸಿಗೆ ತಾನಿರುವುದು ನಿಜವಾದ ಹಾರ್ಡ್‌ವೇರಿನ ಮೇಲೆ ಎಂದೇ ಭಾವನೆ. ಆ ಯಂತ್ರ ಎದ್ದು ಲಾಗಿನ್ ಪರದೆಗೆ ಬರುವಷ್ಟರಲ್ಲಿ ಅದರ ಪ್ರೊಸೆಸರ್ ಲೆಕ್ಕವಿಲ್ಲದಷ್ಟು ಇನ್‌ಸ್ಟ್ರಕ್ಷನ್‌ಗಳನ್ನು ನಡೆಸಿ ಆಗಿರುತ್ತದೆ. ಇಷ್ಟನ್ನೂ ಮತ್ತೆ ಹಾಗೆಯೇ ನಡೆಸಬೇಕಾದರೆ ಪ್ರತಿ ಹೆಜ್ಜೆಯನ್ನೂ ಬರೆದಿಡಬೇಕಲ್ಲವೇ? ಅದನ್ನು ಹಿಡಿಸಲು ಎಷ್ಟು ದೊಡ್ಡ ಡಿಸ್ಕ್ ಬೇಕಾದೀತು?

ಅಚ್ಚರಿಯ ಮೊದಲ ಬಾಗಿಲು ತೆರೆಯುವುದು ಇಲ್ಲಿಯೇ: ಬರೆದಿಡಬೇಕಾದದ್ದು ತೀರಾ ಕಡಿಮೆ!

ಯಾಕೆಂದರೆ ಪ್ರೊಸೆಸರ್ ತನ್ನಷ್ಟಕ್ಕೆ ತಾನು ಎಂದೂ ದಾರಿ ತಪ್ಪುವುದಿಲ್ಲ. ಎರಡಕ್ಕೆ ಮೂರು ಕೂಡಿಸು ಎಂದರೆ ಇಂದೂ ಐದು, ನಾಳೆಯೂ ಐದು. ಮೆಮೊರಿ ಅದೇ, ಪ್ರೋಗ್ರಾಮ್ ಅದೇ ಆದರೆ ಮುಂದಿನ ಹೆಜ್ಜೆಯೂ ಅದೇ. ಒಂದು ಓಟಕ್ಕೂ ಇನ್ನೊಂದು ಓಟಕ್ಕೂ ವ್ಯತ್ಯಾಸ ಬರುವುದು ಹೊರಗಿನಿಂದ ಬಂದು ತಟ್ಟುವ ಕೆಲವೇ ಸಂಗತಿಗಳಿಂದ. ನೀವು ಒತ್ತಿದ ಒಂದು ಕೀ, ನೆಟ್‌ವರ್ಕಿನಿಂದ ಬಂದ ಒಂದು ಪ್ಯಾಕೆಟ್, ಗಡಿಯಾರ ಹೇಳಿದ ಹೊತ್ತು, ಡಿಸ್ಕ್ ಕೊಟ್ಟ ಉತ್ತರ ಬಂದು ತಲುಪಿದ ಕ್ಷಣ. ಇಷ್ಟನ್ನು ಹಿಡಿದಿಟ್ಟರೆ ಸಾಕು, ಉಳಿದ ಕೋಟ್ಯಂತರ ಹೆಜ್ಜೆಗಳನ್ನು ಯಂತ್ರ ತಾನೇ ಮರಳಿ ಹುಟ್ಟಿಸಿಕೊಳ್ಳುತ್ತದೆ. ಡಿಸ್ಕಿನಲ್ಲಿ ಏನಿತ್ತು ಎಂದು ಕೂಡ ಬರೆಯಬೇಕಿಲ್ಲ. ಶುರುವಿನಲ್ಲಿ ಇದ್ದ ಡಿಸ್ಕೇ ಕೈಯಲ್ಲಿದ್ದರೆ ಅದರ ಒಳಗಿನದೆಲ್ಲ ಮತ್ತೆ ಅದೇ ಆಗಿ ಬರುತ್ತದೆ. ಓದುವ ಕೆಲಸ ಯಾವಾಗ ಮುಗಿಯಿತು ಎಂಬುದನ್ನಷ್ಟೇ ದಾಖಲಿಸಬೇಕು.

ಯಾವಾಗ? ಈ ಪ್ರಶ್ನೆಗೆ ಕೊಟ್ಟ ಉತ್ತರವೇ ಇಡೀ ವಿದ್ಯೆಯ ಜೀವಾಳ. ಸೆಕೆಂಡಿನಲ್ಲಿ ಹೇಳಿದರೆ ಪ್ರಯೋಜನವಿಲ್ಲ. ಇಂದು ಲ್ಯಾಪ್‌ಟಾಪ್ ಬಿಸಿಯಾಗಿ ನಿಧಾನವಾಗಿರಬಹುದು, ನಾಳೆ ಚುರುಕಾಗಿರಬಹುದು. ಹಾಗಾಗಿ ಇಲ್ಲಿ ಕಾಲವನ್ನು ಅಳೆಯುವುದು ಇನ್‌ಸ್ಟ್ರಕ್ಷನ್‌ಗಳ ಎಣಿಕೆಯಿಂದ! ಕ್ಯೂಎಮುವಿನಲ್ಲಿ ಐಕೌಂಟ್ ಎಂಬ ಸೌಲಭ್ಯವಿದೆ. ಅದಕ್ಕೆ 7 ಎಂಬ ಬೆಲೆ ಕೊಟ್ಟರೆ ಒಂದು ಇನ್‌ಸ್ಟ್ರಕ್ಷನ್ ನಡೆದಾಗ ಒಳಗಿನ ಯಂತ್ರದ ಗಡಿಯಾರ ಎರಡರ ಏಳನೆಯ ಘಾತ, ಅಂದರೆ 128 ನ್ಯಾನೊಸೆಕೆಂಡ್ ಮುಂದೆ ಹೋಗುತ್ತದೆ. ಹೊರಗೆ ಸೂರ್ಯ ಎಲ್ಲಿದ್ದಾನೆ ಎಂಬುದು ಆ ಗಡಿಯಾರಕ್ಕೆ ಬೇಕಾಗಿಲ್ಲ. ಇಷ್ಟನೆಯ ಇನ್‌ಸ್ಟ್ರಕ್ಷನ್ ಆದ ಮೇಲೆ ಕೀಬೋರ್ಡಿನ ಇಂಟರಪ್ಟ್ ಬಂತು ಎಂದು ಬರೆದಿಟ್ಟರೆ, ರೀಪ್ಲೇಯಲ್ಲಿ ಸರಿಯಾಗಿ ಅದೇ ಎಣಿಕೆ ತುಂಬಿದಾಗ ಆ ಇಂಟರಪ್ಟ್ ಬಂದು ಬೀಳುತ್ತದೆ. ಒಂದು ಇನ್‌ಸ್ಟ್ರಕ್ಷನ್ ಮೊದಲೂ ಅಲ್ಲ, ಒಂದು ತಡವೂ ಅಲ್ಲ.

ದಾಖಲೆಯ ಕಡತದ ಒಳಗೊಮ್ಮೆ ಇಣುಕಿ ನೋಡಿ. ಸಾಲುಸಾಲಾಗಿ ಘಟನೆಗಳು. ಪ್ರತಿ ಘಟನೆಗೆ ಅದು ಯಾವ ಬಗೆಯದು ಎಂದು ಹೇಳುವ ಒಂದು ಬೈಟ್: ಇದು ಇಂಟರಪ್ಟ್, ಇದು ಗಡಿಯಾರದ ಓದು, ಇದು ಹೊರಗಿನ ಸಾಧನದ ಕರೆ. ಹಿಂದಿನ ಘಟನೆಯಿಂದ ಇಲ್ಲಿಯವರೆಗೆ ಎಷ್ಟು ಇನ್‌ಸ್ಟ್ರಕ್ಷನ್ ನಡೆಯಿತು ಎಂದು ಹೇಳಲು ಅದರದೇ ಒಂದು ಗುರುತಿನ ಬೈಟ್, ಅದರ ಬೆನ್ನಿಗೆ ನಾಲ್ಕೇ ಬೈಟಿನ ಒಂದು ಸಂಖ್ಯೆ. ಒಟ್ಟು ಐದು ಬೈಟ್! ನಡುವೆ ನಡೆದದ್ದು ಹತ್ತು ಇನ್‌ಸ್ಟ್ರಕ್ಷನ್ ಇರಲಿ, ಹತ್ತು ಲಕ್ಷವಿರಲಿ, ಕಡತದಲ್ಲಿ ಅದಕ್ಕೆ ಸಿಗುವ ಜಾಗ ಅಷ್ಟೇ.

ಇನ್ನು ರೀಪ್ಲೇ. ಇದನ್ನು ವಿಡಿಯೊ ಎಂದುಕೊಳ್ಳಬೇಡಿ. ವಿಡಿಯೊದಲ್ಲಿ ಕಾಣುವುದು ಪರದೆಯ ಚಿತ್ರ ಮಾತ್ರ. ಇಲ್ಲಿ ಯಂತ್ರ ನಿಜವಾಗಿ ಓಡುತ್ತಿದೆ, ಅದರ ಒಂದೊಂದು ರಿಜಿಸ್ಟರನ್ನೂ ತೆರೆದು ನೋಡಬಹುದು. ಆದರೆ ಕೀಬೋರ್ಡ್ ಕುಟ್ಟಿದರೆ ಅದು ಕಿವಿಗೊಡುವುದಿಲ್ಲ! ಅದು ಈಗ ಕೇಳುತ್ತಿರುವುದು ಅಂದು ಒತ್ತಿದ ಕೀಗಳನ್ನು. ದಿನಾಂಕ ಕೇಳಿದ್ದರೆ ಅಂದಿನ ದಿನಾಂಕವನ್ನೇ ಮತ್ತೆ ಹೇಳುತ್ತದೆ. ರ‍್ಯಾಂಡಮ್ ಸಂಖ್ಯೆ ತೆಗೆದಿದ್ದರೆ ಅದೇ ಸಂಖ್ಯೆ ಮತ್ತೆ ಬರುತ್ತದೆ. ಆಕಸ್ಮಿಕ ಎಂದು ನಾವು ಕೈಬಿಟ್ಟಿದ್ದೆಲ್ಲ ಕಣ್ಣೆದುರು ಅಕ್ಷರಶಃ ಮರುಕಳಿಸುವುದನ್ನು ನೋಡುವಾಗ ಮೈ ಜುಮ್ಮೆನ್ನುತ್ತದೆ.

ಪ್ರೋಗ್ರಾಮ್ ಬರೆಯುವವರಿಗೆ ಇದರ ಬೆಲೆ ಅನುಭವದಿಂದಲೇ ಗೊತ್ತು. ನೂರು ಸಲ ಓಡಿಸಿದರೆ ಒಮ್ಮೆ ಮಾತ್ರ ಕಾಣುವ ಬಗ್‌ಗಳಿವೆ. ಹುಡುಕಲು ಹೊರಟರೆ ಮಾಯ, ಡಿಬಗರ್ ಹಾಕಿದರೆ ಮಾಯ, ಒಂದು ಪ್ರಿಂಟ್ ಸಾಲು ಸೇರಿಸಿದರೂ ಮಾಯ. ಇಂಥವನ್ನು ಹೈಸೆನ್‌ಬಗ್ ಎಂದು ಕರೆಯುತ್ತಾರೆ. ನೋಡುವ ಕ್ರಿಯೆಯೇ ಹೊತ್ತನ್ನು ಅಷ್ಟಿಷ್ಟು ಕದಲಿಸುತ್ತದೆ, ಹೊತ್ತು ಕದಲಿದರೆ ಬಗ್ ಹುಟ್ಟುವುದೇ ಇಲ್ಲ. ಆದರೆ ರೆಕಾರ್ಡಿಂಗ್ ನಡೆಯುವಾಗ ಒಮ್ಮೆ, ಒಂದೇ ಒಂದು ಸಲ ಸಿಕ್ಕಿಬಿದ್ದರೆ ಅದರ ಆಟ ಮುಗಿಯಿತು. ಇನ್ನು ಎಷ್ಟು ಸಲ ಓಡಿಸಿದರೂ ಅದು ಅದೇ ಜಾಗದಲ್ಲಿ ಬಂದೇ ಬರಬೇಕು. ಡಿಬಗರ್ ಹಾಕಿ ಒಂದು ಗಂಟೆ ನಿಲ್ಲಿಸಿಟ್ಟರೂ ಒಳಗಿನ ಕಾಲ ಒಂದು ಇನ್‌ಸ್ಟ್ರಕ್ಷನ್ ಕೂಡ ಸರಿಯುವುದಿಲ್ಲ.

ಹಿಂದಕ್ಕೆ ನಡೆಯುವುದಂತೂ ಇನ್ನೂ ಸೊಗಸು. ಮೆಮೊರಿಯ ಒಂದು ಜಾಗದಲ್ಲಿ ಇರಬಾರದ ಬೆಲೆ ಕೂತಿದೆ. ಅಲ್ಲಿ ಅದನ್ನು ಬರೆದವರು ಯಾರು? ಸಾಮಾನ್ಯ ಡಿಬಗರಿನಲ್ಲಿ ಆ ಗಳಿಗೆ ದಾಟಿ ಹೋಯಿತು. ಇಲ್ಲಿ ಆ ಜಾಗಕ್ಕೆ ಕಾವಲು ಹಾಕಿ, ಹಿಂದಕ್ಕೆ ಓಡು ಎಂದು ಜಿಡಿಬಿ ಎಂಬ ಡಿಬಗರಿಗೆ ಹೇಳಿದರೆ ಆಯಿತು, ತಪ್ಪು ಮಾಡಿದ ಇನ್‌ಸ್ಟ್ರಕ್ಷನ್ ಎದುರಿಗೇ ಬಂದು ನಿಲ್ಲುತ್ತೀರಿ! ಪ್ರೊಸೆಸರ್ ನಿಜವಾಗಿ ಹಿಂದಕ್ಕೆ ಓಡುವುದಿಲ್ಲ. ಹಿಂದೆ ಎಲ್ಲೋ ತೆಗೆದಿಟ್ಟ ಸ್ನ್ಯಾಪ್‌ಶಾಟಿಗೆ ಹೋಗಿ, ಅಲ್ಲಿಂದ ಮುಂದಕ್ಕೆ ಓಡಿ, ಕಾವಲಿಗೆ ಕೊನೆಯ ಬಾರಿ ತಾಗಿದ್ದೆಲ್ಲಿ ಎಂದು ಗುರುತು ಮಾಡಿಕೊಂಡು, ಮತ್ತೆ ಬಂದು ಅಲ್ಲಿಯೇ ನಿಲ್ಲುತ್ತದೆ. ಮುಂದಕ್ಕೆ ತಪ್ಪದೆ ಓಡಬಲ್ಲದ್ದು ಹಿಂದಕ್ಕೂ ಹೋಗಬಲ್ಲದು. ಎಷ್ಟು ಸರಳ, ಎಷ್ಟು ಚೆಂದ!

ಈ ದಾರಿಯನ್ನು ಒಬ್ಬರಾದ ಮೇಲೊಬ್ಬರು ಕಡಿದು ಮಾಡಿದ್ದಾರೆ. 1987ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಲೆಬ್ಲಾಂಕ್ ಮತ್ತು ಮೆಲರ್-ಕ್ರಮಿ ಅವರು ಇನ್‌ಸ್ಟಂಟ್ ರೀಪ್ಲೇ ಎಂಬ ವಿಧಾನದ ಕುರಿತ ಪ್ರಬಂಧದಲ್ಲಿ, ಹಂಚಿಕೊಂಡ ಮಾಹಿತಿಯ ಒಳಗಿನದನ್ನು ಬಿಟ್ಟು, ಯಾರ ನಂತರ ಯಾರು ಮುಟ್ಟಿದರು ಎಂಬ ಸರದಿಯನ್ನಷ್ಟೇ ಬರೆದರೆ ಸಾಕೆಂದು ತೋರಿಸಿದರು. 2002ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಡನ್‌ಲಪ್, ಕಿಂಗ್, ಚೆನ್ ಮತ್ತು ಸಂಗಡಿಗರ ರಿವರ್ಟ್ ಬಂತು. ಕನ್ನ ಹಾಕಿದವನು ಒಳಗಿನ ಯಂತ್ರದ ಲಾಗ್‌ಗಳನ್ನೆಲ್ಲ ಅಳಿಸಿ ಹಾಕಿದರೂ, ಹೊರಗಿನ ದಾಖಲೆಯಿಂದ ಇಡೀ ಕಳ್ಳತನವನ್ನು ಇನ್‌ಸ್ಟ್ರಕ್ಷನ್ ಇನ್‌ಸ್ಟ್ರಕ್ಷನ್ ಆಗಿ ಮತ್ತೆ ನಡೆಸಿ ನೋಡುವ ಏರ್ಪಾಡು ಅದು. ಅವರ ಅಳತೆಯಲ್ಲಿ ದಾಖಲಿಸುವುದರಿಂದ ವೇಗಕ್ಕೆ ಬಿದ್ದ ಹೊರೆ ಸೊನ್ನೆಯಿಂದ ಶೇ. 8 ಮಾತ್ರ. ತಿಂಗಳುಗಟ್ಟಲೆಯ ದಾಖಲೆಗೆ ಅಂದಿನ ಒಂದೇ ಡಿಸ್ಕ್ ಸಾಕಾಗುತ್ತಿತ್ತು. ಕ್ಯೂಎಮುವಿಗೆ ಈ ಶಕ್ತಿ ತಂದುಕೊಟ್ಟವರು ರಷ್ಯದ ಪಾವೆಲ್ ದೊವ್ಗಾಲ್ಯುಕ್. 2015ರ 2.5ನೇ ಆವೃತ್ತಿಯಲ್ಲಿ ರೆಕಾರ್ಡ್ ಮತ್ತು ರೀಪ್ಲೇ ಸೇರಿತು, 2020ರ 5.2ರಲ್ಲಿ ಹಿಂದಕ್ಕೆ ನಡೆಯುವ ಡಿಬಗಿಂಗ್ ಬಂತು. ಯಂತ್ರ ಇಡಿಯಾಗಿ ಬೇಡ, ಒಂದು ಪ್ರೋಗ್ರಾಮ್ ಸಾಕು ಎನ್ನುವವರಿಗೆ ಮೊಜಿಲಾದಲ್ಲಿ ಫೈರ್‌ಫಾಕ್ಸಿನ ಬಗ್ ಹಿಡಿಯಲೆಂದು ಹುಟ್ಟಿದ ಆರ್‌ಆರ್ ಇದೆ.

ಇನ್ನೂ ಏರಬೇಕಾದ ಬೆಟ್ಟವೂ ಇದೆ. ಹಲವು ಪ್ರೊಸೆಸರ್‌ಗಳು ಒಟ್ಟಿಗೆ ಓಡುತ್ತ ಒಂದೇ ಮೆಮೊರಿಯನ್ನು ಮುಟ್ಟಿದರೆ, ಯಾರು ಮೊದಲು ಮುಟ್ಟಿದರು ಎಂಬುದೇ ಹೊರಗಿನ ಆಕಸ್ಮಿಕವಾಗುತ್ತದೆ. ಆ ಸರದಿಯನ್ನೆಲ್ಲ ಬರೆಯುತ್ತ ಹೋದರೆ ಯಂತ್ರ ತೆವಳತೊಡಗುತ್ತದೆ. ಅದಕ್ಕೇ ಕ್ಯೂಎಮು ಇಲ್ಲಿ ಎಲ್ಲ ಪ್ರೊಸೆಸರ್‌ಗಳನ್ನೂ ಒಂದೇ ಥ್ರೆಡ್ಡಿನಲ್ಲಿ ಸರದಿಯಂತೆ ಓಡಿಸುತ್ತದೆ, ಆರ್‌ಆರ್ ಕೂಡ ಥ್ರೆಡ್‌ಗಳನ್ನು ಒಂದೇ ಕೋರಿಗೆ ಕಟ್ಟುತ್ತದೆ. ವೇಗ ಹೆಚ್ಚಿಸುವ ಕೆವಿಎಮ್ಮನ್ನೂ ಇಲ್ಲಿ ಬಿಟ್ಟುಕೊಡಬೇಕು. ನಿಧಾನವಾದರೂ ನಿಜ ಬೇಕು ಎನ್ನುವ ಕೆಲಸಕ್ಕೆ ಇದು ದುಬಾರಿಯಲ್ಲ. ಪಾಂಡಾ ಎಂಬ ವಿಶ್ಲೇಷಣಾ ವೇದಿಕೆ ನಿಂತಿರುವುದು ಈ ನಂಬಿಕೆಯ ಮೇಲೆಯೇ. ಓಟವನ್ನು ಮೊದಲು ಹಗುರವಾಗಿ ದಾಖಲಿಸು, ಎಷ್ಟೇ ಭಾರದ ವಿಶ್ಲೇಷಣೆಯಿದ್ದರೂ ಆಮೇಲೆ ರೀಪ್ಲೇಯ ಮೇಲೆ ನಡೆಸು. ಆಗ ವೈರಸ್ಸಿಗೆ ತನ್ನನ್ನು ಯಾರೋ ನೋಡುತ್ತಿದ್ದಾರೆ ಎಂಬ ಸುಳಿವೂ ಹತ್ತದು, ಅದರ ಓಟ ಮುಗಿದೇ ಹೋಗಿದೆಯಲ್ಲ!

ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಬೇರೆಯೇ ಒಂದು ಸಂಗತಿ. ನನ್ನ ಕಂಪ್ಯೂಟರಿನಲ್ಲಿ ಹೀಗೊಂದು ತಪ್ಪು ಆಗುತ್ತಿದೆ ಎಂದು ಯಾರಾದರೂ ಹೇಳಿದರೆ, ನಮ್ಮಲ್ಲಿ ಆಗುತ್ತಿಲ್ಲವಲ್ಲ ಎಂಬ ಉತ್ತರ ಬಂದು ಮಾತು ಅಲ್ಲಿಗೇ ನಿಲ್ಲುವ ಕಾಲ ಇನ್ನಿಲ್ಲ. ಮೂಡುಬಿದಿರೆಯ ಮಿಜಾರಿನಲ್ಲಿ ಎಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ಲಿನಕ್ಸ್ ಕರ್ನೆಲ್ಲಿನಲ್ಲಿ ಅಪರೂಪದ ಬಗ್ ಒಂದನ್ನು ಕಂಡಳೆನ್ನಿ. ಶುರುವಿನ ಡಿಸ್ಕ್, ದಾಖಲೆಯ ಕಡತ, ಕ್ಯೂಎಮುವಿನ ಆವೃತ್ತಿ ಮತ್ತು ಓಡಿಸಿದ ಆಜ್ಞೆ, ಇಷ್ಟನ್ನು ಕಳಿಸಿಕೊಟ್ಟರೆ ಸಾಕು. ಭೂಮಿಯ ಆಚೆ ಬದಿಯಲ್ಲಿ ಕೂತ ತಜ್ಞರ ಎದುರು ಅವಳು ಕಂಡ ಅದೇ ತಪ್ಪು, ಅದೇ ಇನ್‌ಸ್ಟ್ರಕ್ಷನ್ನಿನಲ್ಲಿ ನಡೆದೇ ತೀರುತ್ತದೆ. ಅವಳ ಮಾತನ್ನು ನಂಬಿ ಎಂದು ಯಾರೂ ಬೇಡಿಕೊಳ್ಳಬೇಕಾಗಿಲ್ಲ. ಊರು ಯಾವುದು, ಕಾಲೇಜು ಯಾವುದು, ಅನುಭವ ಎಷ್ಟು ಎಂಬ ಪ್ರಶ್ನೆಗಳು ಆ ಕಡತದ ಎದುರು ನಿಲ್ಲುವುದಿಲ್ಲ. ತಾನು ಕಂಡದ್ದನ್ನು ಇನ್ನೊಬ್ಬರಿಗೂ ಕಾಣಿಸುವುದೇ ವಿಜ್ಞಾನವಾದರೆ, ಇಷ್ಟು ಪೂರ್ಣವಾಗಿ ಕಾಣಿಸುವ ಸಾಧನ ಇಂದು ನಮ್ಮೂರಿನ ಯಾವ ವಿದ್ಯಾರ್ಥಿಯ ಲ್ಯಾಪ್‌ಟಾಪಿನಲ್ಲೂ ಬಿಟ್ಟಿಯಾಗಿ ಇಳಿಯುತ್ತದೆ. ಇಳಿಸಿಕೊಳ್ಳಿ, ಒಂದು ಯಂತ್ರ ಎಬ್ಬಿಸಿ, ದಾಖಲಿಸಿ, ಮತ್ತೆ ಓಡಿಸಿ ನೋಡಿ!