ಒಂದೂಕಾಲು ಬಡ್ಡಿ ಕಮ್ಮಿನಾ?

ಹೊಳಲ್ಕೆರೆಯಿಂದ ಅಪ್ಪ ಫೋನ್ ಮಾಡಿದ್ರು. ತೋಟಕ್ಕೆ ಬೋರ್ ಕೊರೆಸಲು ಒಂದು ಲಕ್ಷ ಸಾಲ ಬೇಕು. ‘ಬ್ಯಾಂಕ್‌ನೋರು ಹನ್ನೊಂದು ಪರ್ಸೆಂಟ್ ಅಂತಾರೆ. ಹಿರಿಯೂರಿನ ಪರಿಚಯದವರದ್ದು ನೂರಕ್ಕೆ ಒಂದೂಕಾಲು ರೂಪಾಯಿ ಅಷ್ಟೇ ಕಣಪ್ಪ!’

ನನ್ನ ಫೋನಲ್ಲೂ ಒಂದು ಆ್ಯಪ್ ‘ಬರೀ 0.05%’ ಅಂತ ಆಸೆ ತೋರಿಸ್ತಿತ್ತು.

11, 1¼, 0.05. ಹೀಗೆ ಬರೆದಿಟ್ಟರೆ ಬ್ಯಾಂಕೇ ದುಬಾರಿ. ಆದರೆ ಬ್ಯಾಂಕಿನದು ವರ್ಷಕ್ಕೆ, ಕೈಸಾಲದ್ದು ತಿಂಗಳಿಗೆ, ಆ್ಯಪ್‌ನದು ದಿನಕ್ಕೆ! ಎಲ್ಲವನ್ನೂ ವರ್ಷದ ಲೆಕ್ಕಕ್ಕೆ ಬದಲಿಸಿದೆ. 1.25 ಅನ್ನು 12ರಿಂದ ಗುಣಿಸಿದರೆ 15%. 0.05 ಅನ್ನು 365ರಿಂದ ಗುಣಿಸಿದರೆ 18.25% (ಪ್ರೊಸೆಸಿಂಗ್ ಫೀ ಇದ್ದರೆ ಅದು ಬೇರೆ). ಅಸಲು ಹಾಗೇ ಉಳಿದರೆ ಲಕ್ಷಕ್ಕೆ ವರ್ಷದ ಬಡ್ಡಿ 11,000, 15,000, 18,250 ರೂಪಾಯಿ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ರು. ‘ಹೊಸದುರ್ಗದ ನಿಮ್ಮ ಮಾವ ಎರಡು ರೂಪಾಯಿಗೆ ತಗೊಂಡಿದಾನಲ್ಲೋ...’

‘ಇಪ್ಪತ್ನಾಲ್ಕು ಪರ್ಸೆಂಟ್ ಅಪ್ಪಾ’ ಅಂದೆ.