ಹೈಸ್ಕೂಲು ಮಕ್ಕಳ ಕೈಗೆ ಯಾವ ಪುಸ್ತಕ ಕೊಡೋದು? ಇಲ್ಲಿದೆ ಒಂದು ಸಣ್ಣ ಪಟ್ಟಿ

ಸಾಗರ: ಮೊನ್ನೆ ಅಡಿಕೆ ರೇಟಿನ ಸುದ್ದಿ ಕೇಳೋಕೆ ಅಂತ ಪೇಟೆಯ ಅಂಗಡಿಯೊಂದಕ್ಕೆ ಹೋಗಿದ್ದೆ. ಗಲ್ಲಾದಲ್ಲಿ ಕೂತಿದ್ದ ಯಜಮಾನರು ರೇಟು ಹೇಳೋದು ಬಿಟ್ಟು ನನಗೇ ಪ್ರಶ್ನೆ ಹಾಕಿದರು. "ಮಾರಾಯ, ನನ್ನ ಮಗ ಒಂಬತ್ತನೇ ಕ್ಲಾಸು. ಶಾಲೆಯಿಂದ ಬಂದ್ರೆ ಅಂಗಡಿ ಮೂಲೇಲಿ ಕೂತು ಮೊಬೈಲ್ ನೋಡ್ತಾನೆ. ಪುಸ್ತಕ ಓದೋ ಅಂದ್ರೆ, ಯಾವ್ದು ಓದ್ಲಿ ಅಂತಾನೆ. ಯಾವ್ದು ಹೇಳ್ಬೇಕು ಅಂತ ನಂಗೂ ಗೊತ್ತಿಲ್ಲ. ನೀನು ಬರಿಯೋನು, ಒಂದು ಹೇಳು."

ಪ್ರಶ್ನೆ ಸಣ್ಣದು ಅನ್ನಿಸ್ತು. ಆದರೆ ಆಮೇಲೆ ವಿಚಾರ ಮಾಡಿದರೆ ಇದು ಬಹಳ ಮನೆಗಳ ಪ್ರಶ್ನೆ.

ಸಮಸ್ಯೆ ಎಲ್ಲಿದೆ?

ಏಳನೇ ಕ್ಲಾಸಿನವರೆಗೆ ಮಕ್ಕಳಿಗೆ ನೀತಿಕಥೆ, ಕಾಮಿಕ್ಸ್ ಸಾಕು. ಆಮೇಲೆ ಅವು ಚಿಕ್ಕ ಮಕ್ಕಳದ್ದು ಅನ್ನಿಸೋಕೆ ಶುರುವಾಗುತ್ತೆ. ದೊಡ್ಡವರ ದಪ್ಪ ಕಾದಂಬರಿ ಎತ್ತಿಕೊಂಡರೆ ಹತ್ತು ಪುಟಕ್ಕೆ ನಿದ್ದೆ. ಇಂಗ್ಲಿಷಿನಲ್ಲಿ ಹದಿಮೂರರಿಂದ ಹದಿನೆಂಟರ ವಯಸ್ಸಿನವರಿಗೇ ಅಂತ 'ಯಂಗ್ ಅಡಲ್ಟ್' ಅನ್ನೋ ಬೇರೆ ವಿಭಾಗ ಇದೆ. ನಮ್ಮ ಕನ್ನಡ ಪುಸ್ತಕದ ಅಂಗಡಿಗಳಲ್ಲಿ ಅಂಥ ಬೋರ್ಡು ಕಾಣೋದು ಅಪರೂಪ. ಹಾಗಂತ ಪುಸ್ತಕ ಇಲ್ಲ ಅಂತಲ್ಲ, ದೊಡ್ಡವರ ಕಪಾಟಿನಲ್ಲೇ ಸೇರಿಕೊಂಡಿವೆ. ನಾವು ಹುಡುಕಿ ತೆಗೆದುಕೊಡಬೇಕು.

ಓದೋದೇ ಬೇಡ ಅನ್ನೋ ಹುಡುಗರಿಗೆ

ಪೂರ್ಣಚಂದ್ರ ತೇಜಸ್ವಿ ಅವರ 'ಕರ್ವಾಲೋ'ದಿಂದ ಶುರು ಮಾಡಿ. 1980ರಲ್ಲಿ ಬಂದ ಕಾದಂಬರಿ, ದಪ್ಪ ಇಲ್ಲ. ಒಬ್ಬ ವಿಜ್ಞಾನಿ, ಜೇನು ಕೀಳೋ ಮಂದಣ್ಣ, ಮರ ಹತ್ತೋ ಕರಿಯಪ್ಪ, ಕಿವಿ ಅನ್ನೋ ನಾಯಿ ಎಲ್ಲ ಸೇರಿ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗ್ತಾರೆ. ಓದ್ತಾ ಓದ್ತಾ ನಗು ಬರುತ್ತೆ. ಶಾಲೆಯಲ್ಲಿ ದಡ್ಡ ಅನ್ನಿಸಿಕೊಂಡ ಹುಡುಗನಿಗೆ ಮಂದಣ್ಣನ ಪಾತ್ರ ಧೈರ್ಯ ಕೊಡುತ್ತೆ. ಯಾಕಂದ್ರೆ ಊರವರು ಲೆಕ್ಕಕ್ಕೇ ಇಡದ ಅವನಿಗೆ ಕಾಡಿನ ವಿಷಯದಲ್ಲಿ ಗೊತ್ತಿದ್ದಿದ್ದು ಓದಿದವರಿಗೂ ಗೊತ್ತಿರಲಿಲ್ಲ.

ಅದು ಹಿಡಿಸಿದರೆ ಅದೇ ಲೇಖಕರ 'ಜುಗಾರಿ ಕ್ರಾಸ್' ಕೊಡಿ. ಏಲಕ್ಕಿ ಮಾರೋಕೆ ಹೊರಟ ಗಂಡ-ಹೆಂಡತಿ ಕಾಡುಗಳ್ಳರ ವ್ಯವಹಾರದ ಮಧ್ಯೆ ಸಿಕ್ಕಿಹಾಕಿಕೊಳ್ಳೋ ಕತೆ. ವ್ಯಾಪಾರಸ್ಥರ ಮನೆ ಮಕ್ಕಳಿಗೆ ಇದು ಬೇಗ ಹತ್ತಿರ ಆಗುತ್ತೆ.

ನಮ್ಮೂರಿನ ಕತೆ ಬೇಕು ಅನ್ನೋರಿಗೆ

ನಾ. ಡಿಸೋಜ ನಮ್ಮ ಸಾಗರದವರೇ. ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಮಾಡ್ತಾ ಬರೆದವರು, 2025ರ ಜನವರಿಯಲ್ಲಿ ತೀರಿಹೋದರು. ಅವರ ಮಕ್ಕಳ ಕಾದಂಬರಿ 'ಮುಳುಗಡೆಯ ಊರಿಗೆ ಬಂದವರು' 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆಯಿತು. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಮನೆ, ಗದ್ದೆ ಬಿಟ್ಟು ಬಂದ ಕುಟುಂಬಗಳು ನಮ್ಮ ತಾಲ್ಲೂಕಿನಲ್ಲಿ ಎಷ್ಟಿವೆ ಅಂತ ಹೇಳಬೇಕಾಗಿಲ್ಲ. ಆದರೆ ಆ ಮನೆಗಳ ಈಗಿನ ಮಕ್ಕಳಿಗೆ ಹಿನ್ನೀರು ಅಂದ್ರೆ ಫೋಟೊ ತೆಗೆಯೋ ಜಾಗ ಅಷ್ಟೇ. ಸ್ವಲ್ಪ ದೊಡ್ಡವರಾದರೆ ಇವರದೇ 'ದ್ವೀಪ' ಓದಲಿ. ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದ್ದು ಇದನ್ನೇ. ಓದಿದ ಮೇಲೆ ಅಜ್ಜ-ಅಜ್ಜಿಯ ಹತ್ತಿರ ಕೂತು "ನಮ್ಮ ಹಳೇ ಮನೆ ಎಲ್ಲಿತ್ತು?" ಅಂತ ಕೇಳಿದರೆ ಅದೇ ದೊಡ್ಡ ಲಾಭ.

ಶಾಲೆ ಅಂದ್ರೆ ಆಗದವರಿಗೆ

ಜಪಾನಿನ ತೆತ್ಸುಕೊ ಕುರೊಯಾನಾಗಿ ಬರೆದ 'ತೊತ್ತೋಚಾನ್' ಕನ್ನಡದಲ್ಲೂ ಸಿಗುತ್ತೆ. ತುಂಟಿ ಅಂತ ಒಂದು ಶಾಲೆಯಿಂದ ಹೊರಗೆ ಹಾಕಿಸಿಕೊಂಡ ಹುಡುಗಿ, ರೈಲು ಡಬ್ಬಿಗಳಲ್ಲಿ ಪಾಠ ನಡೆಯೋ ಇನ್ನೊಂದು ಶಾಲೆಗೆ ಸೇರಿದ ನಿಜ ಕತೆ. ಎಂಟನೇ ಕ್ಲಾಸಿನವರೂ ಸುಲಭವಾಗಿ ಓದಬಹುದು. ಅಪ್ಪ-ಅಮ್ಮ, ಟೀಚರ್‌ಗಳೂ ಓದಿದರೆ ಇನ್ನೂ ಒಳ್ಳೇದು.

ಪಿಯುಸಿ ವಯಸ್ಸಿನವರಿಗೆ

ಸಿದ್ದಲಿಂಗಯ್ಯನವರ ಆತ್ಮಕತೆ 'ಊರು ಕೇರಿ' ಕೊಡಿ. ಹಸಿವು, ಜಾತಿ, ಹಾಸ್ಟೆಲ್ ಜೀವನ ಎಲ್ಲ ಇದೆ, ಆದರೆ ಬರೆದಿರೋ ರೀತಿ ನಗಿಸುತ್ತೆ. ನಕ್ಕ ಮೇಲೆ ಒಳಗೆ ಚುಚ್ಚುತ್ತೆ. ಇನ್ನೊಂದು ತ್ರಿವೇಣಿಯವರ 'ಶರಪಂಜರ'. ಹೆರಿಗೆಯ ನಂತರ ಮಾನಸಿಕ ಕಾಯಿಲೆಗೆ ಬಿದ್ದು, ವಾಸಿಯಾಗಿ ಮನೆಗೆ ಬಂದ ಹೆಂಗಸನ್ನು ಸುತ್ತಲಿನವರು ಹೇಗೆ ನೋಡ್ತಾರೆ ಅನ್ನೋದು ಕತೆ. ಪುಟ್ಟಣ್ಣ ಕಣಗಾಲ್ ಸಿನಿಮಾ ನೋಡಿದವರು ಮನೆಯಲ್ಲಿ ಇದ್ದೇ ಇರ್ತಾರೆ.

"ಇಂಥದ್ದೆಲ್ಲ ಮಕ್ಕಳಿಗೆ ಯಾಕೆ?" ಅಂತ ಕೆಲವರು ಕೇಳಬಹುದು. ಮೊಬೈಲಿನಲ್ಲಿ ಅವರು ನೋಡದೇ ಇರೋದು ಏನೂ ಉಳಿದಿಲ್ಲ. ಪುಸ್ತಕದಲ್ಲಿ ಕನಿಷ್ಠ ಅದರ ಹಿಂದೆ ಇರೋ ಮನುಷ್ಯರ ಕಷ್ಟ ಗೊತ್ತಾಗುತ್ತೆ.

ದುಡ್ಡು ಕೊಟ್ಟೇ ತರಬೇಕಾ?

ಬೇಕಾಗಿಲ್ಲ. ಪಂಚಾಯಿತಿ ಗ್ರಂಥಾಲಯಗಳಲ್ಲಿ (ಈಗ 'ಅರಿವು ಕೇಂದ್ರ' ಅಂತಾರೆ) 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಇನ್ನೊಂದು ವಿಷಯ ಅಂಗಡಿಯವರಿಗೆ ಗೊತ್ತಿರಲಿ: 1965ರ ಗ್ರಂಥಾಲಯ ಕಾಯ್ದೆ ಪ್ರಕಾರ ನೀವು ಕಟ್ಟೋ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಇರುತ್ತೆ. ರಸೀದಿ ತೆಗೆದು ನೋಡಿ. ಅಂದ್ರೆ ಆ ಪುಸ್ತಕಗಳಿಗೆ ನೀವು ಈಗಾಗಲೇ ದುಡ್ಡು ಕೊಟ್ಟಿದ್ದೀರಿ. ಹೋಗಿ ಕೇಳಿ. ಬೇಕಾದ ಪುಸ್ತಕ ಇಲ್ಲದಿದ್ದರೆ ತರಿಸಿ ಅಂತ ಬರೆದುಕೊಡಿ.

ಕೊಡುವಾಗ ಇಷ್ಟು ನೆನಪಿರಲಿ

* ಒಂದೇ ಪುಸ್ತಕ ಕೊಡಬೇಡಿ. ಎರಡು-ಮೂರು ಮುಂದಿಟ್ಟು ಅವರೇ ಆರಿಸಲಿ.
* ಇಪ್ಪತ್ತು ಪುಟ ಓದಿ ಬೇಜಾರಾದರೆ ಬಿಡಲಿ, ಬೈಬೇಡಿ.
* "ಏನು ಕಲಿತೆ?" ಅಂತ ಪರೀಕ್ಷೆ ಮಾಡಬೇಡಿ. "ಆಮೇಲೆ ಏನಾಯ್ತು?" ಅಂತ ಕೇಳಿ.
* ಮಾರ್ಕ್ಸ್ ಕಮ್ಮಿ ಬಂತು ಅಂತ ಕತೆ ಪುಸ್ತಕ ಕಿತ್ತಿಡಬೇಡಿ.

ಕೊನೇ ಮಾತು ನನ್ನ ಅನುಭವದ್ದು. ಡಿಗ್ರಿ ಎರಡನೇ ವರ್ಷದಲ್ಲಿ ಕಾಲೇಜು ಬಿಟ್ಟೆ. ಮನೆಯಲ್ಲಿ ನನ್ನ ಹತ್ತಿರ ಸರಿಯಾಗಿ ಮಾತಾಡೋರು ಇರಲಿಲ್ಲ, ನಾನೂ ಮಾತಾಡ್ತಿರಲಿಲ್ಲ. ಬಿಸಿಲಿಗೆ ಕೂರೋಕೆ ಜಾಗ ಅಂತ ಲೈಬ್ರರಿಗೆ ಹೋಗ್ತಿದ್ದೆ. ಅಲ್ಲಿನ ಮೇಲ್ವಿಚಾರಕರು ಏನೂ ಕೇಳದೆ ಒಂದು ದಿನ 'ಕರ್ವಾಲೋ' ತಂದು ಟೇಬಲ್ ಮೇಲಿಟ್ಟು ಹೋದರು. ಅದರಿಂದ ಡಿಗ್ರಿ ಏನೂ ಸಿಗಲಿಲ್ಲ. ಆದರೆ ಮಾರನೇ ದಿನ ಎದ್ದು ಹೋಗೋಕೆ ಒಂದು ಕಾರಣ ಸಿಕ್ತು. ಇವತ್ತು ಈ ಸುದ್ದಿ ಬರೀತಿರೋದೂ ಅದರಿಂದಲೇ.

ಅಂಗಡಿ ಯಜಮಾನರಿಗೂ ಅದೇ ಪುಸ್ತಕ ಹೇಳಿ ಬಂದೆ. ಮೊನ್ನೆ ಮತ್ತೆ ಹೋದಾಗ ಗಲ್ಲಾದ ಪಕ್ಕ ಪುಸ್ತಕ ಬಿಚ್ಚಿಟ್ಟಿತ್ತು. "ಮಗ ಓದ್ತಾ ಇದ್ದಾನಾ?" ಅಂದೆ. "ಅವ್ನು ಇನ್ನೂ ಮುಟ್ಟಿಲ್ಲ ಮಾರಾಯ, ನಾನೇ ಅರ್ಧ ಮುಗಿಸಿದೆ" ಅಂದರು. ಪರವಾಗಿಲ್ಲ. ಅಪ್ಪ ಓದೋದನ್ನ ನೋಡ್ತಾ ಮಗನೂ ಒಂದು ದಿನ ಎತ್ತಿಕೊಳ್ಳಬಹುದು.